ಸಾರಿಸಿದ ದಾರಿಗೆ ಡಾಂಬರು

ಮಳೆಯಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಆದರೆ ಮಳೆಯಿಂದ ಶುರು ಮಾಡಿದರೆ ಎಲ್ಲವೂ ಮಳೆಯದೇ ತಪ್ಪು ಅನ್ನಿಸಿಬಿಡುತ್ತದೆ. ಹಾಗಿರಲಿಲ್ಲ. ಮಳೆ ಬಂತು, ಹೋಯಿತು. ಅಕ್ಕನನ್ನು ಎತ್ತಿಕೊಂಡು ಬಂದವರು ಮಾತ್ರ ಇಬ್ಬರು ಮನುಷ್ಯರು, ಅದೂ ಒಳ್ಳೆಯ ಮನುಷ್ಯರು.

ಅಕ್ಕನಿಗೆ ಚಿಕ್ಕಂದಿನಿಂದ ಕಾಲುಗಳಲ್ಲಿ ಬಲವಿಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಹೊಲಿಗೆ ಅಂಗಡಿ ಇದೆ. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟರ್ ಮೇಲೆ ಬೆಳಿಗ್ಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ನಮ್ಮ ಮನೆ ಊರ ಅಂಚಿನಲ್ಲಿ, ಹಿಂದೆ ಹೊಲವಾಗಿದ್ದ ಜಾಗದಲ್ಲಿದೆ. ದೊಡ್ಡ ರಸ್ತೆಯಿಂದ ನಮ್ಮ ಬಾಗಿಲವರೆಗೆ ಒಂದು ಬಂಡಿ ಹೋಗುವಷ್ಟು ಅಗಲದ, ನಮ್ಮದೇ ದಾರಿ. ಕೂಡ್ಲಿಗಿ ಕಡೆ ಮಣ್ಣು ಕೆಂಪು, ಹಡಗಲಿ ಕಡೆ ಕಪ್ಪು ಜಿಗುಟಿನ ಎರೆ. ನಮ್ಮಲ್ಲಿ ಎರಡೂ ಕಲೆಸಿಕೊಂಡಿವೆ ಅನ್ನುತ್ತಾರೆ, ಆದರೆ ನಮ್ಮ ದಾರಿಯ ಪಾಲಿಗೆ ಬಂದದ್ದು ಬರೀ ಎರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕಾಲಿಗೆ ಸುತ್ತಿಕೊಂಡರೆ ಚಪ್ಪಲಿಯನ್ನು ಕಿತ್ತುಕೊಂಡೇ ಬಿಡುವುದು.

ಹಿಂದಿನ ವರ್ಷದ ಮುಂಗಾರಿನಲ್ಲಿ ಒಂದು ಸಂಜೆ ಅಕ್ಕನ ಸ್ಕೂಟರು ಆ ದಾರಿಯ ನಡುವೆ ಹೂತಿತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಎಂಜಿನ್ ನಿಂತಿತು. ರಸ್ತೆ ಬದಿಯ ಚಹದ ಅಂಗಡಿಯಿಂದ ಇಬ್ಬರು ಓಡಿಬಂದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಮೊಣಕಾಲ ಕೆಳಗೆ. ಮನೆಯ ಕಟ್ಟೆಯ ಮೇಲೆ ಕೂರಿಸುವಾಗ ಅವರಲ್ಲೊಬ್ಬ ಅಕ್ಕನ ತಲೆಯ ಮೇಲಿಂದ ನನ್ನ ಕಡೆ ನೋಡಿ, "ಹಗುರ ಅದಾರ ಬಿಡ್ರಿ" ಅಂದ.

ಆಮೇಲೆ ಅಕ್ಕ ನನಗೆ ಹೇಳಿದ ಮಾತು ನನ್ನ ನೆನಪಿನಲ್ಲಿ ಹೀಗಿದೆ: "ಇನ್ನೊಮ್ಮಿ ನನ್ನ ಯಾರೂ ಎತ್ತಬಾರದು. ದಾರಿ ಮಾಡಸು."

ಅಕ್ಕ ಇದನ್ನು ಒಪ್ಪುವುದಿಲ್ಲ. ಅವತ್ತು ತಾನು ಚಹ ಕೇಳಿದೆನೇ ಹೊರತು ಬೇರೆ ಏನೂ ಅನ್ನಲಿಲ್ಲವಂತೆ. ಇರಬಹುದು. ನೆನಪು ಮಾತನ್ನು ತನಗೆ ಬೇಕಾದಂತೆ ಕತ್ತರಿಸಿ ಹೊಲಿಯುತ್ತದೆ. ಆದರೆ ಆ ಮಳೆಗಾಲವಿಡೀ ಅವಳು ಅಂಗಡಿಗೆ ಹೋಗಲಿಲ್ಲ, ದಸರೆಯವರೆಗೆ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿದಳು, ಗಿರಾಕಿಗಳು ಬೇರೆ ಕಡೆ ಹೋದರು ಅನ್ನುವುದು ನನ್ನ ಹೊಲಿಗೆಯಲ್ಲ. ಮಷಿನ್ನಿನ ಸದ್ದು ದಿನವಿಡೀ ಕೇಳುತ್ತಿತ್ತು. ಮನೆಯಲ್ಲಿ ಕೂತು ಬರೆಯುವುದೇ ನನ್ನ ಕೆಲಸ, ಇನ್ನೊಂದು ಮಳೆಗಾಲ ಆ ಸದ್ದಿನ ಪಕ್ಕದಲ್ಲಿ ಕೂತು ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ. ಮಳೆಗೆ ಮೊದಲು ದಾರಿ ಆಗಬೇಕಿತ್ತು.

ಸಿಮೆಂಟು ಹಾಕಿಸಿ, ಎಲ್ಲರೂ ಅದನ್ನೇ ಹಾಕಿಸುತ್ತಾರೆ ಎಂದು ಕೆಲವರು ಹೇಳಿದರು. ಅಕ್ಕನಿಗೆ ಬೇಕಾದದ್ದು ಡಾಂಬರು. ಸಿಮೆಂಟಿನ ಇಳಿಜಾರುಗಳ ಮೇಲೆ ಪಾಚಿ ಕಟ್ಟಿ ಅವಳ ಗಾಲಿ ಜಾರಿದ್ದಿದೆ. ಆದರೆ ನಿಜವಾದ ಕಾರಣ ಅದಲ್ಲ. ದೊಡ್ಡ ರಸ್ತೆಯ ಮೇಲೆ ಬರುವಾಗ ಗಾಡಿಗೆ ಒಂದು ಓಟ ಇರುತ್ತದಲ್ಲ, ಅದು ಮನೆಯ ಬಾಗಿಲವರೆಗೆ ಕಡಿಯದೇ ಬರಬೇಕು ಎಂಬುದು ಅವಳ ಆಸೆ. ಇದನ್ನು ಅವಳು ಒಪ್ಪುತ್ತಾಳೆ.

ಬೇಸಿಗೆ ಬಿದ್ದ ಮೇಲೆ ನಾವಿಬ್ಬರೂ ಗುತ್ತಿಗೆದಾರನನ್ನು ಹುಡುಕಲು ಹೊರಟೆವು. ಅಕ್ಕ ಗಾಡಿ ಓಡಿಸುತ್ತಿದ್ದಳು, ನಾನು ಹಿಂದೆ ಕೂತಿರುತ್ತಿದ್ದೆ. ಸರ್ಕಾರದ ರಸ್ತೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಮನೆಯ ದಾರಿಗೆ ಡಾಂಬರು ಹಾಕುವವರು ಸಿಗುವುದು ಕಷ್ಟ. ಅಷ್ಟು ಸಣ್ಣ ಕೆಲಸಕ್ಕೆ ರೋಲರ್ ತರುವುದು ಯಾರಿಗೂ ಬೇಡ.

ಹಗರಿಬೊಮ್ಮನಹಳ್ಳಿಯವನ ಆಫೀಸು ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿತ್ತು. ಅಕ್ಕ ಮೆಟ್ಟಿಲು ಹತ್ತುವಂತಿರಲಿಲ್ಲ. ಆತ ಕೆಳಗಿಳಿಯಲಿಲ್ಲ. ಮೇಲಿನ ಕಟಾಂಜನದ ಕಂಬಿ ಹಿಡಿದು ಬಾಗಿಯೇ ಮಾತಾಡಿದ. ದಾರಿ ಎಲ್ಲಿದೆ, ಮಣ್ಣು ಯಾವುದು ಎಂದು ಕೇಳಲೇ ಇಲ್ಲ. ನಾವು ಪೂರ್ತಿ ಹೇಳುವ ಮೊದಲೇ "ಆತು ಬಿಡ್ರಿ" ಅಂದ. ಬೆಳಿಗ್ಗೆ ಬಂದರೆ ಸಂಜೆಗೆ ಮುಗಿಸಿ ಹೋಗುತ್ತೇನೆ ಅಂದ. ನನಗೆ ಸಮಾಧಾನವಾಯಿತು. ಮುಗಿಯುತ್ತದೆ ಎಂದು ಯಾರು ಹೇಳಿದರೂ ನನಗೆ ಸಮಾಧಾನವಾಗುತ್ತಿದ್ದ ದಿನಗಳು ಅವು. ಅಕ್ಕ ಕೆಳಗಿನಿಂದಲೇ ಕತ್ತೆತ್ತಿ, ನೀವು ಹಾಕಿದ ಡಾಂಬರು ಎಲ್ಲಿದೆ ಹೇಳಿ, ಹೋಗಿ ನೋಡುತ್ತೇವೆ ಅಂದಳು. ಆತ ಹಡಗಲಿ ಹತ್ತಿರದ ಒಂದು ಕಲ್ಯಾಣ ಮಂಟಪದ ಗುರುತು ಹೇಳಿದ. ನಾವು ನಿಜವಾಗಿಯೂ ಹೋಗುತ್ತೇವೆಂದು ಅವನು ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ.

ಮಂಟಪದ ಅಂಗಳ ದೂರದಿಂದ ಕಪ್ಪಗೆ ಚೆನ್ನಾಗಿಯೇ ಕಾಣುತ್ತಿತ್ತು. ಅಕ್ಕ ಅಂಚಿನಲ್ಲಿ ಗಾಡಿ ತಿರುಗಿಸಿದಳು. ಗಾಲಿಯ ಕೆಳಗೆ ಒಂದು ತುಂಡು ಮುರಿಯಿತು. ನಾನು ಅದನ್ನು ಎತ್ತಿ ಹಿಡಿದರೆ ಶೇಂಗಾ ಚಿಕ್ಕಿಯ ಹಾಗೆ ಕೈಯಲ್ಲೇ ಪುಡಿಯಾಯಿತು. ಅದರ ಕೆಳಗೆ ಬರೀ ಮಣ್ಣು. ಅಲ್ಲಿನ ಕಾವಲುಗಾರ ಬೇವಿನ ನೆರಳಲ್ಲಿ ಕೂತಲ್ಲಿಂದ ಏಳದೆ ಹೇಳಿದ: "ಮೆಲ್ಲಕ ತಿರುವ್ರಿ ಅಕ್ಕಾರ. ಅದಷ್ಟೇ ಉಳದೈತಿ."

ಎರಡನೆಯವನು ಕೂಡ್ಲಿಗಿ ಕಡೆಯವನು. ಕಾನಹೊಸಹಳ್ಳಿಯ ಹತ್ತಿರ ಯಾವುದೋ ರಸ್ತೆಯ ಕೆಲಸ ನಡೆಸುತ್ತಿದ್ದ. ಹೈವೇ ಬದಿಯ ಹೋಟೆಲಿನಲ್ಲಿ ಸಿಕ್ಕ. ಬಹಳ ಮರ್ಯಾದೆಯ ಮನುಷ್ಯ, ಅಕ್ಕ ಗಾಡಿಯಿಂದ ಇಳಿಯುವುದು ಬೇಡವೆಂದು ಒಗ್ಗರಣಿ ಮಂಡಕ್ಕಿಯ ತಟ್ಟೆಯನ್ನು ತಾನೇ ಹೊರಗೆ ತಂದುಕೊಟ್ಟ. ಬೇರೆ ಲೋಡು ತರಿಸುವ ಗೋಜೇ ಬೇಡ, ರಸ್ತೆಗೆ ಹಾಕಿ ಉಳಿದ ಮಾಲನ್ನು ಸಂಜೆ ನಿಮ್ಮ ಕಡೆ ಕಳಿಸಿಬಿಡುತ್ತೇನೆ ಅಂದ. ನಾನು ತಲೆಯಾಡಿಸುತ್ತಿದ್ದೆ. ಅಕ್ಕ ಮಂಡಕ್ಕಿ ತಿನ್ನುತ್ತ, ಆ ಮಾಲು ಉಳಿಯುವುದು ಯಾರ ಊರ ರಸ್ತೆಯಿಂದ ಎಂದು ಕೇಳಿದಳು. ಆತ ನಕ್ಕ. ಅವಳು ನಗಲಿಲ್ಲ. ಆತ ಇನ್ನಷ್ಟು ನಕ್ಕು, ಯಾರಿಗೋ ಫೋನು ಬಂದವನಂತೆ ಎದ್ದು ಹೋದ.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅಕ್ಕನ ಜೊತೆ ಜಗಳವಾಡಿದೆ. ಗಾಳಿಯಲ್ಲಿ ಅವಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ನಾನು ನೋಡುತ್ತಲೇ ಇದ್ದೆ.

ಮೂರನೆಯವನ ಬಗ್ಗೆ ಹೇಳಿದ್ದು ಕುಪ್ಪಸ ಹೊಲಿಸಲು ಬಂದ ಹರಪನಹಳ್ಳಿಯ ಹೆಂಗಸೊಬ್ಬಳು. ತಮ್ಮ ಓಣಿಗೆ ಡಾಂಬರು ಹಾಕಿದವನು ಭಾರಿ ಜಗಳಗಂಟ, ಓಣಿಯ ಯಾರೂ ಈಗ ಅವನ ಜೊತೆ ಮಾತಾಡುವುದಿಲ್ಲ, ಆದರೆ ಡಾಂಬರು ಹಾಕಿದ ಹಾಗೇ ಇದೆ ಅಂದಳಂತೆ. ಅಕ್ಕ ಅವತ್ತೇ ನಂಬರ್ ಇಸಿದುಕೊಂಡಳು.

ಆತ ಬಂದಾಗ ನಾನು ಮೊದಲು ನೋಡಿದ್ದು ಅವನ ಬೂಟು. ಬಿಳೀ ಬೂಟು. ಡಾಂಬರಿನ ಕೆಲಸದವನು ಬಿಳೀ ಬೂಟು ಹಾಕಿಕೊಂಡು ತಿರುಗುತ್ತಾನೆಂದರೆ ಕೆಲಸದ ಹತ್ತಿರ ಹೋಗುವುದೇ ಇಲ್ಲ ಎಂದು ನಾನು ಲೆಕ್ಕ ಹಾಕಿದೆ. ಮಾತೂ ಹಾಗೇ ಇತ್ತು. ಹರಪನಹಳ್ಳಿ ಸುತ್ತ ಕಾಲಿಗೆ ಸುಖ ಕೊಡುವ ದಾರಿ ಯಾವುದಾದರೂ ಇದ್ದರೆ ಅದು ತನ್ನದೇ ಅಂದ. ನಮ್ಮ ದಾರಿಯನ್ನು ಬೈದ. ಮನೆ ಕಟ್ಟಿದ ಮೇಸ್ತ್ರಿಯನ್ನು ಬೈದ. ಚಹ ಕೊಟ್ಟರೆ ಸಕ್ಕರೆ ಹೆಚ್ಚಾಯಿತು ಅಂದ. ಆಮೇಲೆ ಅಕ್ಕನಿಗೆ, ಗಾಡಿ ಹತ್ತಿ ಬಾಗಿಲ ಮುಂದೆ ಒಂದು ಸುತ್ತು ತಿರುಗಿಸಿ ತೋರಿಸಲು ಹೇಳಿದ. ಅವಳು ತಿರುಗಿಸಿದಳು. ಅವಳ ಗಾಲಿಯ ಗುರುತಿನ ಹಿಂದೆಯೇ ನಡೆಯುತ್ತ ಮುಷ್ಟಿಯಿಂದ ಸುಣ್ಣದ ಪುಡಿ ಉದುರಿಸಿದ. ಇಷ್ಟಗಲ ಬೇಕು, ಇಲ್ಲದಿದ್ದರೆ ಪ್ರತಿ ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ ಅಂದ. ಅಲ್ಲಿಯವರೆಗೆ ನಾನೂ ಸೇರಿ ಯಾರೂ ಗಾಡಿ ತಿರುಗುವ ಜಾಗದ ಬಗ್ಗೆ ಯೋಚಿಸಿರಲಿಲ್ಲ.

ಅಲ್ಲೇ ಜಗಳವೂ ಶುರುವಾಯಿತು. ಎರೆಮಣ್ಣು ಪೂರ್ತಿ ತೆಗೆದು ಗಟ್ಟಿಯಾಗಿ ಕೂರುವ ಗರಸು ಮಣ್ಣು ತುಂಬಬೇಕು, ಮೇಲೆ ಜಲ್ಲಿ ಹಾಸಿ ರೋಲರ್ ಓಡಿಸಬೇಕು, ಆಮೇಲೆ ಕುಸಿಯುವುದು ಕುಸಿಯಲಿ ಎಂದು ಒಂದು ಮಳೆಗಾಲ ಹಾಗೇ ಬಿಡಬೇಕು, ಡಾಂಬರು ದಸರೆ ಆದ ಮೇಲೆ, ಎಂದು ಆತ ಹೇಳಿದ. ಮಳೆಗೆ ಮೊದಲು ಮುಗಿಯದಿದ್ದರೆ ನನಗೆ ದಾರಿಯೇ ಬೇಡ ಎಂದಳು ಅಕ್ಕ. ಇಬ್ಬರೂ ಧ್ವನಿ ಏರಿಸಲಿಲ್ಲ, ಇಬ್ಬರೂ ಸೋಲಲಿಲ್ಲ. ಕೊನೆಗೆ ಆತ, ತಳಪಾಯದಲ್ಲಿ ಮಾತ್ರ ಅವಸರ ಮಾಡುವುದಿಲ್ಲ, ಅದು ಬೇಗ ಮುಗಿದರೆ ಮಳೆಗೆ ಮುಂಚೆ ಡಾಂಬರು ಹಾಕುತ್ತೇನೆ ಎಂದು ಅರೆಮನಸ್ಸಿನಿಂದ ಒಪ್ಪಿದ. ನಾನು ಹಗರಿಬೊಮ್ಮನಹಳ್ಳಿಯವನೇ ಆಗಬಹುದಿತ್ತೇನೋ ಅಂದೆ. ಅಕ್ಕ ನನ್ನ ಕಡೆ ತಿರುಗಿ, "ಅವ ಕೆಳಗ ಇಳದು ಬಂದ್ನೇನಲೇ?" ಎಂದಳು. ಅಲ್ಲಿಗೆ ಆಯ್ಕೆ ಮುಗಿಯಿತು.

ನಮ್ಮ ಎದುರಿಗೆ, ದಾರಿಯ ಆಚೆ, ಕುರಿ ಸಾಕುವವರ ಮನೆ ಇದೆ. ಗಂಡಸರು ವರ್ಷದ ಅರ್ಧ ಕುರಿಗಳ ಹಿಂದೆ ಹೋಗಿರುತ್ತಾರೆ. ಮನೆ, ಹೊಲ ಎಲ್ಲ ಆ ಮನೆಯ ಅಜ್ಜಿಯದೇ ಕಾರುಬಾರು. ನಾವು ಅವಳನ್ನು ದೊಡ್ಡವ್ವ ಅನ್ನುತ್ತೇವೆ. ಜೆಸಿಬಿ ನಮ್ಮ ಎರೆಮಣ್ಣನ್ನು ಬಗೆದು ರಾಶಿ ಹಾಕುತ್ತಿದ್ದಾಗ ದೊಡ್ಡವ್ವ ಬಂದು, ಅದನ್ನು ಎಲ್ಲೆಲ್ಲೋ ಚೆಲ್ಲಬೇಡಿ, ತಮ್ಮ ಕೆಂಪು ಹೊಲಕ್ಕೆ ಹಾಕಿಸಿಕೊಡಿ ಎಂದು ಕೇಳಿದಳು. ನಮಗೂ ಅದನ್ನು ಸಾಗಿಸುವ ಚಿಂತೆ ಹೋಯಿತು. ಗುತ್ತಿಗೆದಾರ ಎರೆಮಣ್ಣನ್ನೆಲ್ಲ ಅವಳ ಹೊಲಕ್ಕೇ ಸುರಿಸಿದ. ನಮ್ಮ ಪಾಲಿಗೆ ಅದು ಕಸ. ದೊಡ್ಡವ್ವನ ಲೆಕ್ಕದಲ್ಲಿ ನಾವು ಅವಳ ಹೊಲಕ್ಕೆ ತೇವ ಹಿಡಿಯುವ ಮಣ್ಣು ಕೊಟ್ಟು ದೊಡ್ಡದೊಂದು ಉಪಕಾರ ಮಾಡಿದ್ದೆವು.

ಗರಸು ಬಂತು, ರೋಲರ್ ಬಂತು. ನೀರು ಹೊಡೆದು ಉರುಳಿಸಿ, ಮತ್ತೆ ನೀರು ಹೊಡೆದು ಉರುಳಿಸಿ, ಅದರ ಮೇಲೆ ಜಲ್ಲಿಯನ್ನು ಕಲ್ಲುಪುಡಿಯ ಜೊತೆ ಕಲೆಸಿ ಹಾಸಿದರು. ಬಿಳೀ ಬೂಟಿನವನು ದಿನಾ ಬಂದ. ಬೂಟು ಹೇಗೋ ಬಿಳಿಯಾಗಿಯೇ ಉಳಿಯುತ್ತಿತ್ತು. ಕೆಲಸ ನಡೆದಷ್ಟು ದಿನ ಅಕ್ಕ ಮನೆಯಲ್ಲೇ ಉಳಿದಳು. ನಾನು ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ, ಹೊರಗೆ ಬಂದು ಆಕಾಶ ನೋಡುತ್ತಿದ್ದೆ. ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿ ಕರಗುತ್ತಿದ್ದವು. ರೋಲರಿನವನು ಊಟಕ್ಕೆ ನಿಲ್ಲಿಸಿದರೂ ನನಗೆ ಸಿಟ್ಟು.

ತಳಪಾಯ ಮುಗಿದ ಮೇಲೆ ಅದು ನಿಜಕ್ಕೂ ಚೆನ್ನಾಗಿ ಕಂಡಿತು. ಗಟ್ಟಿ, ಸಮ, ಮೇಲೊಂದು ಕಲ್ಲೂ ಅಲುಗುವುದಿಲ್ಲ. ಗುತ್ತಿಗೆದಾರ ಒಂದು ವಾರ ನೀರು ಚಿಮುಕಿಸಿ, ಆಮೇಲೆ ಒಣಗಲು ಬಿಡಿ, ಹೈವೇ ಬದಿಯ ಡಾಂಬರು ಪ್ಲಾಂಟಿನಿಂದ ಬಿಸಿ ಮಾಲು ತರುತ್ತೇನೆ ಎಂದು ದಿನ ಹೇಳಿ ಹೋದ. ದೊಡ್ಡವ್ವ ದಿನಾ ಬಂದು ಆ ದಾರಿಯನ್ನು ನೋಡಿ ನಿಲ್ಲುತ್ತಿದ್ದಳು. ಬಗ್ಗಿ ಅಂಗೈಯಿಂದ ಸವರುತ್ತಿದ್ದಳು. ಅವಳ ಮನೆಯ ಹಿಂದೆ ಸಗಣಿಯ ಗುಡ್ಡೆ ಬೆಳೆಯುತ್ತಿದ್ದದ್ದನ್ನೂ ನಾನು ನೋಡಿದ್ದೆ. ಒಲೆಗೆ ಕುಳ್ಳು ತಟ್ಟುತ್ತಾರೆ ಅಂದುಕೊಂಡೆ.

ನೋಡಿದ್ದೆ ಎಂದು ಈಗ ಬರೆಯುತ್ತಿದ್ದೇನೆ. ನಿಜವಾಗಿ ನೋಡಿದ್ದೆನೋ, ಆಮೇಲೆ ನಡೆದದ್ದಕ್ಕೆ ಹೊಂದಿಸಲು ಈ ಗುಡ್ಡೆಯನ್ನು ಹಿಂದಕ್ಕೆ ತಂದು ಇಟ್ಟೆನೋ ಗೊತ್ತಿಲ್ಲ.

ಲಾರಿ ಬರುವ ದಿನ ಬೆಳಿಗ್ಗೆ ಹಸಿ ಸಗಣಿಯ ವಾಸನೆಗೆ ಎಚ್ಚರವಾಯಿತು. ಹೊರಗೆ ಬಂದರೆ ದಾರಿ ಪೂರ್ತಿ ಹಸಿರು. ದೊಡ್ಡವ್ವ, ಅವಳ ಸೊಸೆಯಂದಿರು, ಹಿಂದಿನ ಓಣಿಯ ಇಬ್ಬರು ಹೆಂಗಸರು ಮೊಣಕೈವರೆಗೂ ಸಗಣಿ ಮಾಡಿಕೊಂಡು ಕೊನೆಯ ಮೂಲೆ ಮುಗಿಸುತ್ತಿದ್ದರು. ನಮ್ಮ ಬಾಗಿಲಿಂದ ದೊಡ್ಡ ರಸ್ತೆಯವರೆಗೆ ಒಂದೇ ಸಮ, ಕೈಯ ಗುರುತು ಅಲೆಅಲೆಯಾಗಿ. ರಸ್ತೆ ಸೇರುವಲ್ಲಿ ರಂಗೋಲಿ. ಅದರ ನಡುವೆ ಸಗಣಿ ಉಂಡೆಗೆ ಒಂದು ಹೂವು ಸಿಕ್ಕಿಸಿದ್ದರು.

ನಮ್ಮ ಕಡೆ ಸುಗ್ಗಿಗೆ ಕಣ ಮಾಡುವಾಗ ಹೀಗೇ ಮಾಡುತ್ತಾರೆ. ನೆಲ ಹದ ಮಾಡಿ, ನೀರು ಹೊಡೆದು, ಕಲ್ಲಿನ ಗುಂಡು ಉರುಳಿಸಿ ಗಟ್ಟಿ ಮಾಡಿದ ಮೇಲೆ ಸಗಣಿ ಸಾರಿಸುತ್ತಾರೆ. ಸಾರಿಸಿದ ಮೇಲೇ ಕಣ. ದೊಡ್ಡವ್ವ ತನ್ನ ಜೀವಮಾನದಲ್ಲಿ ಗಟ್ಟಿ ಮಾಡಿದ ನೆಲವನ್ನು ಬೋಳಾಗಿ ಬಿಟ್ಟವಳಲ್ಲ. ನೀರು ಹೊಡೆದದ್ದನ್ನೂ, ರೋಲರ್ ಉರುಳಿಸಿದ್ದನ್ನೂ ನೋಡಿದ್ದಳು. ಇಷ್ಟು ಮಾಡಿದ ಮನೆಯವರು ಸಾರಿಸಲು ಮಾತ್ರ ಮರೆತಿದ್ದಾರೆ, ಈ ಮನೆಯಲ್ಲಿ ಬಗ್ಗಿ ಸಾರಿಸುವವರು ಯಾರಿದ್ದಾರೆ ಎಂದು ಅವಳೇ ಮಾಡಿದ್ದಳು.

ನಾನು ಅಂದದ್ದು, "ಭಾರಿ ಚಲೋ ಆಗೈತಿ ದೊಡ್ಡವ್ವ." ಬೇರೆ ಏನು ಅನ್ನಬೇಕಿತ್ತು?

ಬಿಸಿಲೇರುವ ಹೊತ್ತಿಗೆ ಲಾರಿ ಬಂತು. ಮಾಲಿಗೆ ಮುಚ್ಚಿದ ತಾಡಪತ್ರಿಯ ಅಂಚುಗಳಿಂದ ಹೊಗೆ ಏಳುತ್ತಿತ್ತು. ಗುತ್ತಿಗೆದಾರ ಬೈಕಿನಿಂದ ಇಳಿದು ರಂಗೋಲಿಯ ಮುಂದೆ ನಿಂತ. ಬೈಗುಳಕ್ಕೆ ನಾನು ಕಾಯುತ್ತಿದ್ದೆ. ಆತ ರಂಗೋಲಿಯನ್ನು ಸುತ್ತಿ ಬಂದು ಕುಕ್ಕರುಗಾಲಲ್ಲಿ ಕೂತು ಬೈಕಿನ ಕೀಲಿಯಿಂದ ನೆಲ ಗೀರಿದ. ಒಣಗುತ್ತಿದ್ದ ಸಗಣಿ ಚಕ್ಕೆಯಾಗಿ ಎದ್ದಿತು. ಆ ಚಕ್ಕೆಯನ್ನು ನನಗೆ ತೋರಿಸಿದ. ಡಾಂಬರು ಅಂಟುವುದು ಕಲ್ಲಿಗೆ, ಇದಕ್ಕಲ್ಲ, ಧೂಳಿದ್ದರೇ ಅಂಟುವುದಿಲ್ಲ ಎಂದು ಮೆತ್ತಗೆ ಹೇಳಿದ.

ಆಕಾಶ ಆಗಲೇ ಒಂದು ಬದಿಗೆ ಕಪ್ಪಾಗಿತ್ತು. ನಾನು ವಾದ ಮಾಡಿದೆ. ತೊಳೆಯೋಣ ಅಂದೆ. ತೊಳೆದರೆ ಇವತ್ತು ಒಣಗುವುದಿಲ್ಲ ಅಂದ. ಕೆರೆಯೋಣ ಅಂದೆ. ಕೆರೆದರೆ ಜಲ್ಲಿ ಎದ್ದುಬಿಡುತ್ತದೆ ಅಂದ. ಹಾಗೇ ಹಾಕಿಬಿಡಿ, ರೋಲರಿನ ಭಾರಕ್ಕೆ ಕೂತೀತು ಅಂದೆ. ಲಾರಿಯ ಡ್ರೈವರೂ, ಸಲಿಕೆ ಹಿಡಿದು ನಿಂತವರೂ ನನ್ನ ಪರವಾಗಿಯೇ ಇದ್ದರು. ಅವರಿಗೆ ಬೇಗ ಮುಗಿಸಿ ಮುಂದಿನ ಕೆಲಸಕ್ಕೆ ಹೋಗಬೇಕಿತ್ತು.

ಗುತ್ತಿಗೆದಾರ ನಮ್ಮನ್ನೆಲ್ಲ ಬಿಟ್ಟು ಅಕ್ಕನ ಹತ್ತಿರ ಹೋದ. ಅಕ್ಕ ಕಟ್ಟೆಯ ಬಳಿ ಗಾಡಿಯ ಮೇಲೆ ಕೂತಿದ್ದಳು. ಹೊಸ ದಾರಿಯ ಮೇಲೆ ಮೊದಲು ತಾನೇ ಹೋಗಬೇಕೆಂದು ಬೆಳಿಗ್ಗೆಯೇ ತಯಾರಾಗಿದ್ದಳು.

"ಅಕ್ಕಾರೆ, ಹಾಕು ಅಂದ್ರೆ ಹಾಕಿ ಹೋಗ್ತೀನಿ" ಅಂದ. "ಆದ್ರೆ ಯಾರಾದ್ರೂ ಕೇಳಿದ್ರೆ ನನ್ನ ಹೆಸ್ರು ಹೇಳಬ್ಯಾಡ್ರಿ."

ಅಕ್ಕ ಮೋಡದ ಕಡೆ ನೋಡಿದಳು. "ಹಾಕದಿದ್ರ, ಮಳಿ ಬಂದ್ರ?"

"ಬರ್ಲಿ. ಗಾಡಿ ಓಡಿಸ್ರಿ. ಹೂತ್ರೆ ಫೋನ್ ಮಾಡ್ರಿ, ಎಲ್ಲಿದ್ರೂ ಬಂದು ನಾನೇ ಎತ್ತತೀನಿ."

"ಎತ್ತೋದು ಬ್ಯಾಡಂತನ ನಿಮ್ಮನ್ನ ಕರಿಸಿದ್ದು."

ಆತನ ಮುಖ ಸಣ್ಣದಾಯಿತು. ಅಕ್ಕ ಗಾಡಿಯ ಕೀಲಿ ತೆಗೆದಳು. ಆಮೇಲೆ, ಹಾಗಾದರೆ ಬೇಡ, ಮಾಡಿದವರ ಹೆಸರು ಹೇಳಲಾಗದ ದಾರಿ ನನಗೇಕೆ ಅಂದಳು. ಲೋಡು ವಾಪಸು ಹೋಗಲಿ.

ಅಷ್ಟರಲ್ಲಿ ದೊಡ್ಡವ್ವ ಕೈ ತೊಳೆದುಕೊಂಡು ಬಂದಳು. ಲಾರಿ ಹಿಂದಕ್ಕೆ ತಿರುಗುತ್ತಿರುವುದನ್ನು ನೋಡಿದಳು. ಸೊಸೆಯಂದಿರೂ ನಿಂತರು. ಏನಾಯಿತು ಎಂದು ಕೇಳಿದಳು. ನಾನು ಬಾಯಿ ತೆರೆದಿದ್ದೆ. ಏನು ಹೇಳುತ್ತಿದ್ದೆನೋ. ಗುತ್ತಿಗೆದಾರ ನನಗಿಂತ ಮೊದಲು ಮಾತಾಡಿದ.

"ಮಾಲು ತಣ್ಣಗಾಗೈತೆ ಅಮ್ಮ. ನಮ್ ಕಡೆ ತಪ್ಪು."

ಅವನ ಹಿಂದೆ ಲಾರಿಯಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ದೊಡ್ಡವ್ವ ಅದನ್ನು ನೋಡಿದಳು, ಅವನನ್ನು ನೋಡಿದಳು, ಹೊಗೆ ಏಳುವುದು ಹೇಗೆ ಎಂದು ಕೇಳಲಿಲ್ಲ. "ಹಂಗಾರ ಬಿಸಿ ಮಾಡ್ಕೊಂಡು ಬಾರಪ್ಪ. ನಾವು ಮಾಡೋದು ಮಾಡೀವಿ" ಅಂದಳು.

ತನ್ನ ಹೆಸರಿಗಾಗಿ ಅಷ್ಟು ಹೊತ್ತು ಹಟ ಹಿಡಿದವನು ಅದೇ ಹೆಸರನ್ನು ಒಂದು ಗಳಿಗೆಯಲ್ಲಿ ಕೆಳಗಿಟ್ಟ. ನಾನು ಈ ಮನುಷ್ಯನನ್ನು ನಂಬಿದ್ದು ಆಗಲೇ. ಆದರೆ ಅಕ್ಕನ ಪ್ರಕಾರ ಆ ಮಾತು ಹೇಳಿದ್ದು ಆತನಲ್ಲ. ಮಾಲು ತಣ್ಣಗಾಗಿದೆ ಎಂದು ತಾನೇ ಹೇಳಿದ್ದಂತೆ, ಆತ ಬರೀ ತಲೆಯಾಡಿಸಿದ್ದಂತೆ. ಈಗಲೂ ನಾವಿಬ್ಬರೂ ಈ ವಿಷಯಕ್ಕೆ ಜಗಳವಾಡುತ್ತೇವೆ. ಯಾರು ಹೇಳಿದ್ದರೂ ದೊಡ್ಡವ್ವನಿಗೆ ನೋವಾಗಲಿಲ್ಲ ಎಂದು ಬರೆದು ಮುಂದೆ ಹೋಗಬಹುದು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಕೇಳಿಲ್ಲ.

ಮಳೆ ಅವತ್ತು ಬರಲಿಲ್ಲ. ಕೆಲವು ದಿನ ಸತಾಯಿಸಿ, ಅಕ್ಕ ಅಂಗಡಿಗೆ ಹೋಗಿದ್ದ ಒಂದು ಮಧ್ಯಾಹ್ನ ಬಂತು. ಗುಡುಗಿಲ್ಲ, ಗಾಳಿಯಿಲ್ಲ, ಬರೀ ನೀರು. ನಾನು ಕೊಡೆ ಹಿಡಿದು ದಾರಿಯ ಮೇಲೆ ಓಡಾಡಿದೆ. ಸಗಣಿ ಕರಗಿ ಹಸಿರು ನೀರಾಗಿ ಎರಡೂ ಬದಿಗೆ ಹರಿಯುತ್ತಿತ್ತು. ಕೆಳಗಿನ ಜಲ್ಲಿ ಒಂದೊಂದಾಗಿ ಕಾಣಿಸಿಕೊಂಡಿತು. ಹಿಮ್ಮಡಿಯಿಂದ ಒತ್ತಿ ನೋಡಿದೆ. ಇನ್ನೊಂದು ಕಡೆ ಒತ್ತಿ ನೋಡಿದೆ. ಕಾಲು ಇಳಿಯಲಿಲ್ಲ. ಆದರೂ ನಿಲ್ಲಲು ಆಗಲಿಲ್ಲ. ದೊಡ್ಡವ್ವ ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ತನ್ನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಯಾರನ್ನು ಕಾಯುತ್ತಿದ್ದೇನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಸಂಜೆ ಅಕ್ಕನ ಗಾಡಿ ದೊಡ್ಡ ರಸ್ತೆಯಿಂದ ತಿರುಗಿತು. ತಿರುವಿನಲ್ಲಿ, ರಂಗೋಲಿ ಇದ್ದ ಜಾಗದಲ್ಲಿ, ಸಗಣಿಯ ಪದರ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಂದಿನ ಗಾಲಿ ಪಕ್ಕಕ್ಕೆ ಜಾರಿ ಗಾಡಿ ದಾರಿಗೆ ಅಡ್ಡವಾಗಿ ನಿಂತಿತು. ಚಹದ ಅಂಗಡಿಯಿಂದ ಇಬ್ಬರು ಎದ್ದರು. ಹಿಂದಿನ ವರ್ಷದವರೇ ಎಂದು ಬರೆಯಲು ಕೈ ಹೋಗುತ್ತಿದೆ. ದೂರದಿಂದ ಗುರುತು ಹತ್ತಲಿಲ್ಲ, ಆದ್ದರಿಂದ ಯಾರೋ ಇಬ್ಬರು. ಅವರು ಮಳೆಯಲ್ಲಿ ಓಡಿಬಂದರು. ನಾನೂ ಈ ಕಡೆಯಿಂದ ಓಡಿದೆ. ಅಕ್ಕ ಹ್ಯಾಂಡಲಿನಿಂದ ಒಂದು ಕೈ ತೆಗೆದು ಎತ್ತಿ ಹಿಡಿದಳು. ಸಂತೆಯಲ್ಲಿ ಬಸ್ಸು ನಿಲ್ಲಿಸುವ ಪೊಲೀಸಿನವನ ಹಾಗೆ. ಮೂವರೂ ನಿಂತೆವು.

ಅವಳು ಕಾಲು ನೆಲಕ್ಕೆ ಊರುವಂತಿರಲಿಲ್ಲ. ಗಾಡಿಯನ್ನೇ ಸ್ವಲ್ಪ ಹಿಂದಕ್ಕೆ ಜಾರಲು ಬಿಟ್ಟಳು. ಗಾಲಿ ಸಗಣಿ ದಾಟಿ ಅಂಚಿನ ಬರೀ ಜಲ್ಲಿಗೆ ಬಂದಾಗ ಗರಗರ ಎಂಬ ಸದ್ದಾಯಿತು. ಆ ಸದ್ದನ್ನು ಹಿಡಿದುಕೊಂಡೇ ಆಕ್ಸಿಲರೇಟರ್ ತಿರುವಿದಳು. ಗಾಡಿ ನೆಟ್ಟಗಾಯಿತು, ನಮ್ಮನ್ನು ದಾಟಿತು, ಸುಣ್ಣದ ಪುಡಿಯಿಂದ ಅಳೆದ ಆ ಅಗಲದಲ್ಲಿ ಒಂದೇ ಸುತ್ತಿಗೆ ತಿರುಗಿ ಕಟ್ಟೆಗೆ ತಾಗಿ ನಿಂತಿತು. ನಾನು ಓಡಿ ಹಿಂದೆ ಬರುವ ಹೊತ್ತಿಗೆ ಅವಳು ತಲೆಗೆ ಕಟ್ಟಿಕೊಂಡ ಪ್ಲಾಸ್ಟಿಕ್ ಬಿಚ್ಚುತ್ತಿದ್ದಳು.

"ಚಾ ಇಡು" ಅಂದಳು.

ಇಲ್ಲಿಗೆ ಮುಗಿಸಿದರೆ ಚೆಂದ. ಅದಕ್ಕೇ ಮುಗಿಸುವುದಿಲ್ಲ.

ಯಾಕೆಂದರೆ ಆ ಮಳೆಗಾಲ ಪೂರ್ತಿ ನನಗೆ ನೆಮ್ಮದಿ ಇರಲಿಲ್ಲ. ಮೊದಲು ಗುತ್ತಿಗೆದಾರ ಕೇಳಿದ್ದಂತೆಯೇ ತಳಪಾಯದ ಮೇಲೆ ಮಳೆ ಬಿದ್ದಂತಾಯಿತು, ದೊಡ್ಡವ್ವನ ಸಗಣಿ ನಮ್ಮೆಲ್ಲರಿಗಿಂತ ಹೆಚ್ಚು ಕೆಲಸ ಮಾಡಿತು ಎಂದು ಈಗ ಬರೆಯಬಹುದು. ಆಗ ಯಾವುದೂ ಹಾಗೆ ಕಾಣುತ್ತಿರಲಿಲ್ಲ. ಗುತ್ತಿಗೆದಾರನಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಪ್ರತಿ ಸಲ ಎತ್ತಿದ, ಪ್ರತಿ ಸಲ ಮಳೆ ಇನ್ನೂ ಆಗಲಿ ಅಂದ. ಫೋನು ಎತ್ತಿ ನನ್ನನ್ನು ಸುಮ್ಮನಿರಿಸುವುದೇ ಅವನ ಉಪಾಯವೇನೋ ಎಂದು ಅನುಮಾನಪಟ್ಟೆ. ಹಗರಿಬೊಮ್ಮನಹಳ್ಳಿಯವನು ಒಮ್ಮೆ ತಾನಾಗಿಯೇ ಕರೆ ಮಾಡಿ, ನಿಮ್ಮ ದಾರಿ ಆಯಿತೇ, ಇಲ್ಲವಾದರೆ ನಾಳೆಯೇ ಬರುತ್ತೇನೆ ಅಂದ. ನಾನು ಬೇಡವೆನ್ನಲು ಬಹಳ ಹೊತ್ತು ತೆಗೆದುಕೊಂಡೆ.

ಅಕ್ಕ ಮಾತ್ರ ಮಳೆ ಬಂದ ದಿನವೂ ಹೋದಳು, ಬಂದಳು. ಗಾಲಿ ಎಲ್ಲಿ ತಗ್ಗಿಗೆ ಇಳಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಅವಳ ಸೊಂಟಕ್ಕೆ ಗೊತ್ತಾಗುತ್ತಿತ್ತು. ಅದನ್ನು ನೋಡಿಟ್ಟುಕೊಳ್ಳಿ ಎಂದು ಗುತ್ತಿಗೆದಾರ ಫೋನಿನಲ್ಲಿ ಅವಳಿಗೆ ಹೇಳಿದ್ದನಂತೆ. ನನಗೆ ಹೇಳಿರಲಿಲ್ಲ. ದಸರೆ ಮುಗಿದು ಆತ ಬಂದಾಗ ಅಕ್ಕ ಗಾಡಿಯನ್ನು ಮೆಲ್ಲಗೆ ಓಡಿಸುತ್ತ, ಇಲ್ಲಿ, ಇಲ್ಲಿ, ಎಂದು ತೋರಿಸಿದಳು. ಆತ ಹಿಂದಿನ ಸಲದಂತೆಯೇ ಸುಣ್ಣ ಉದುರಿಸುತ್ತ ನಡೆದ. ಆ ತಗ್ಗುಗಳನ್ನು ಮೊದಲು ತುಂಬಿದರು.

ಡಾಂಬರು ಹಾಕುವ ಹಿಂದಿನ ದಿನ ಆತ ಬೂಟು ಕಳಚಿ ದೊಡ್ಡವ್ವನ ಮನೆಗೆ ಹೋದ. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಕಾಳು ಅಳೆದು ತುಂಬಿದ ಮೇಲೆ ಒಂದು ಕಾಳೂ ಬಿಡದ ಹಾಗೆ ಕಣ ಗುಡಿಸುತ್ತೀರಲ್ಲ, ಹಾಗೆ ನಾಳೆ ಗುಡಿಸಿಕೊಡಬೇಕು, ನನ್ನ ಆಳುಗಳಿಗೆ ಅದು ಬರುವುದಿಲ್ಲ ಎಂದು ಕೇಳಿಕೊಂಡನೆಂದು ಸೊಸೆಯೊಬ್ಬಳು ಆಮೇಲೆ ಹೇಳಿದಳು. ಬೆಳಿಗ್ಗೆ ಹೆಂಗಸರೆಲ್ಲ ಕಸಬರಿಗೆ ಹಿಡಿದು ಸಾಲಾಗಿ ಹಿಂದಕ್ಕೆ ಹಿಂದಕ್ಕೆ ನಡೆದರು. ಧೂಳು ನಮ್ಮ ಮನೆಯೊಳಗೆ ಬಂತು. ಗುಡಿಸಿದ ಮೇಲೆ ದೊಡ್ಡವ್ವ ಬಗ್ಗಿ ಅಂಗೈಯಿಂದ ಸವರಿ ಅಂಗೈ ನೋಡಿಕೊಂಡಳು. ಆಮೇಲೆ ಲಾರಿಯವನಿಗೆ ಬಾ ಎಂದು ಕೈ ಮಾಡಿದಳು.

ಡಾಂಬರು ಹಾಕಿದ ದಿನದ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಹೊಗೆ, ರೋಲರು, ವಾಸನೆ, ಸಂಜೆಗೆ ಕಪ್ಪು. ಬಿಳೀ ಬೂಟಿನ ತುದಿಗೆ ಒಂದು ಚುಕ್ಕೆ ಟಾರು ಬಿದ್ದಿತ್ತು, ಅವನು ಅದನ್ನು ನೋಡಿಕೊಂಡು ಬೈದ. ಅಕ್ಕ ಮಾರನೆಯ ದಿನ ದೊಡ್ಡ ರಸ್ತೆಯ ಓಟದಲ್ಲೇ ಬಂದು ಬಾಗಿಲಲ್ಲಿ ನಿಂತಳು. ಹೇಗಿದೆ ಎಂದು ಕೇಳಿದೆ. ಒಂದು ಕಡೆ ಸ್ವಲ್ಪ ಉಬ್ಬ ಐತಿ ಅಂದಳು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಹೊರಗೆ ಬಂದರೆ ಡಾಂಬರು ಕಾಣಲಿಲ್ಲ. ಅದರ ತುಂಬ ಹುರುಳಿ ಬಳ್ಳಿ ಹರವಿದ್ದರು. ನಮ್ಮ ಕಡೆ ಒಳ್ಳೆಯ ರಸ್ತೆ ಎಲ್ಲಿ ಕಂಡರೂ ಹೀಗೇ. ಬಸ್ಸು ಲಾರಿ ತುಳಿದುಕೊಂಡು ಹೋಗಲಿ, ಕಾಯಿ ಒಡೆಯಲಿ ಅಂತ. ದೊಡ್ಡ ರಸ್ತೆಯಲ್ಲಾದರೆ ಪೊಲೀಸರ ಕಾಟ, ಗಾಡಿಯವರ ಬೈಗುಳ. ಇಲ್ಲಿ ಏನೂ ಇಲ್ಲ. ಆದರೆ ಇಲ್ಲಿ ಬಸ್ಸೂ ಇಲ್ಲ, ಲಾರಿಯೂ ಇಲ್ಲ. ದೊಡ್ಡವ್ವ ಕಟ್ಟೆಯ ಹತ್ತಿರ ಬಂದು, ನನ್ನನ್ನು ದಾಟಿ, ಒಳಗಿದ್ದ ಅಕ್ಕನಿಗೆ ಕೂಗಿ ಹೇಳಿದಳು.

"ಯವ್ವಾ, ಅಂಗಡಿಗಿ ಹೋಗಾಕ ಇನ್ನೂ ಹೊತ್ತೈತಲ್ಲ. ನಾಕು ಸುತ್ತು ಹೊಡಿ ಬಾ."

ಈ ಹುರುಳಿಯ ಕಥೆ ಬಿಳೀ ಬೂಟಿನವನಿಗೆ ತಿಳಿದರೆ ಏನು ಬೈಯುತ್ತಾನೋ ಎಂದು ನಾನು ಯೋಚಿಸುತ್ತಿದ್ದೆ. ಅಕ್ಕ ಆಗಲೇ ಗಾಡಿ ಹತ್ತಿದ್ದಳು. ಬಾಗಿಲಿಂದ ರಸ್ತೆಯವರೆಗೆ ಹೋದಳು, ತಿರುಗಿದಳು, ಬಂದಳು. ಗಾಲಿಗಳ ಕೆಳಗೆ ಕಾಯಿ ಚಟಪಟ ಅನ್ನುತ್ತಿದ್ದವು. ಹಿಂದಿನ ಆ ಎರಡು ಹೆಚ್ಚಿನ ಗಾಲಿಗಳು ಬೇರೆ ಯಾವ ಸ್ಕೂಟರಿಗಿಂತಲೂ ಅಗಲಕ್ಕೆ ತುಳಿಯುತ್ತಿದ್ದವು. ದೊಡ್ಡವ್ವ ಬದಿಯಲ್ಲಿ ನಿಂತು ಅಂಚಿಗೆ ಹೋಗು, ಈ ಕಡೆ ಇನ್ನೂ ಒಡೆದಿಲ್ಲ ಎಂದು ಕೋಲಿನಿಂದ ತೋರಿಸುತ್ತಿದ್ದಳು. ಸೊಸೆಯಂದಿರು ಹಿಂದೆ ಹಿಂದೆ ಬಳ್ಳಿ ಮಗುಚುತ್ತಿದ್ದರು. ಅಕ್ಕ ನಕ್ಕಳು ಎಂದು ನನಗೆ ನೆನಪು. ಬಾಯಿಗೆ ಹೊಟ್ಟು ಹೋಗುತ್ತಿತ್ತು, ತುಟಿ ಬಿಗಿಹಿಡಿದಿದ್ದೆ, ನಗುವುದೆಲ್ಲಿ ಎಂದು ಅವಳು ಹೇಳುತ್ತಾಳೆ.

ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಅವಳಿಗೆ ಅಂಗಡಿಗೆ ಹೋಗಲು ತಡವಾಗುತ್ತದೆಂದು ನನಗೇ ಚಡಪಡಿಕೆ. ನನ್ನ ಮುಂದೆ ಹಾದುಹೋಗುವಾಗ ಗಾಡಿ ನಿಲ್ಲಿಸದೆ ಕೂಗಿದಳು:

"ಲೇ ತಮ್ಮಾ, ಸುಮ್ನ ನಿಂತು ಏನ್ ನೋಡ್ತಿ. ಆ ಹೊಟ್ಟು ಎತ್ತಿ ಬದಿಗಿ ಹಾಕು, ಗಾಲಿಗಿ ಸುತ್ತಕೊಳ್ಳಾಕತ್ತೈತಿ."